ಡ್ಯಾಡಿ ಆರಿಸಿದ ಮೆಷಿನ್

ಕೊಡಿಯಾಲ್‌ಬೈಲ್, ಮಂಗಳೂರು – 3
14 ನವೆಂಬರ್ 2024, ಗುರುವಾರ

ಪ್ರೀತಿಯ ಮಮ್ಮಿಗೆ,

ನಿನ್ನ ಮೊಣಕಾಲು ಹೇಗಿದೆ? ಬಹರೈನಿನಲ್ಲಿ ಗ್ಲೆನಿಟಾಳ ಮನೆ ಮೂರನೇ ಮಾಳಿಗೆಯಲ್ಲಿದೆ, ಲಿಫ್ಟ್ ವಾರಕ್ಕೊಮ್ಮೆ ಕೆಡುತ್ತದೆ ಎಂದಿದ್ದೆ. ಕೆಟ್ಟ ದಿನ ಕೆಳಗೆ ಇಳಿಯಬೇಡ. ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿರಬೇಕು, ಎರಡು ತಿಂಗಳಿಗೆ ಆಗುವಷ್ಟು ಕಳಿಸಿದ್ದೇನೆ. ನಿನ್ನ ಹೊಸ ಮೊಮ್ಮಗು ಈಗ ಕತ್ತು ನಿಲ್ಲಿಸುತ್ತದೆಯೇ? ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಮಕ್ಕಳಿಬ್ಬರಿಗೂ ಶೀತ ಬಂದು ಹೋಯಿತು. ನಿನ್ನ ಸೊಸೆ ಲಿನೆಟ್‌ಗೆ ಶಾಲೆಯ ಕೆಲಸ ಹೆಚ್ಚು. ನೀನು ಹೋದ ಮೇಲೆ ಅಡುಗೆಯೂ ಅವಳ ಮೇಲೆಯೇ ಬಿದ್ದಿದೆ, ಆದರೆ ದೂರಿದ್ದು ನಾನು ಕೇಳಿಲ್ಲ. ಮಾಳಿಗೆಯ ಮೇಲೆ ಬಾಡಿಗೆಗಿರುವ ನಾಲ್ವರು ನರ್ಸಿಂಗ್ ಹುಡುಗಿಯರು ನಮ್ಮೊಂದಿಗೆ ಊಟಕ್ಕೆ ಕೂತಾಗಲೆಲ್ಲ ನಿನ್ನನ್ನು ಕೇಳುತ್ತಾರೆ. ನಿನ್ನ ಕೈಯ ಹುಳಿ ಅವರಿಗೆ ಬೇಕಂತೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ, ನಮ್ಮದೂ ಹಾಗೆಯೇ, ಪಕ್ಕದಲ್ಲಿ ಡ್ಯಾಡಿ ಕೂತಿರುತ್ತಾರೆ. ಮೆಸೇಜ್ ಕಳಿಸಿದರೆ ನೀನು ಅದನ್ನು ಎಲ್ಲರಿಗೂ ಓದಿ ಹೇಳುತ್ತೀ. ಆದ್ದರಿಂದ ಕಾಗದ. ಕೊಟ್ಟಾರದ ಮನೆಗೆ ರಜೆಯಲ್ಲಿ ಬಂದಿರುವ ಭಾವನ ತಮ್ಮ ರೂಬನ್ ಶನಿವಾರ ಬಹರೈನಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಕುಚ್ಚಲಕ್ಕಿ, ಒಣ ಸಿಗಡಿ, ಬಾಫತ್ ಮಸಾಲೆ ಪುಡಿ ಕಳಿಸುತ್ತಿದ್ದೇನೆ. ಪತ್ರ ಪುಡಿಯ ಡಬ್ಬಿಯ ಅಡಿಯಲ್ಲಿದೆ. ಮೊದಲು ಒಬ್ಬಳೇ ಓದು. ಮನೆಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ ಎಂದು ಶಿಸ್ತು ಮಾಡಿದವಳು ನೀನು; ದಿನಾ ಬೆಳಿಗ್ಗೆ ನನ್ನಿಂದ ಪೇಪರನ್ನು ಗಟ್ಟಿಯಾಗಿ ಓದಿಸಿ ತಪ್ಪು ಹಿಡಿಯುತ್ತಿದ್ದೆ. ತಪ್ಪಿದ್ದರೆ ಹಾಗೆಯೇ ಗುರುತು ಹಾಕು.

ಕಳೆದ ಭಾನುವಾರ ಫೋನಿನಲ್ಲಿ ನೀನು ಡ್ಯಾಡಿ ಅಲ್ಲಿ ಕೆಲಸಕ್ಕಿದ್ದ ಹಳೆಯ ಹೋಟೆಲ್ ನೋಡಲು ಹೋಗುವ ವಿಷಯ ಹೇಳಿದೆ. ಈ ಪತ್ರ ಅದರ ಬಗ್ಗೆಯೇ. ಆದರೆ ಮೊದಲು ಪಾತ್ರೆ ತೊಳೆಯುವ ಮೆಷಿನಿನ ವಿಷಯ ಬರೆಯಬೇಕು. ಅದನ್ನು ಬಿಟ್ಟು ಬರೆದರೆ ಉಳಿದದ್ದು ನಿನಗೆ ತಿಳಿಯುವುದಿಲ್ಲ.

ಸೆಪ್ಟೆಂಬರ್ ಎಂಟರಂದು, ಮಾತೆ ಮರಿಯಳ ಮೊಂತಿ ಹಬ್ಬದ ದಿನ, ಲಿನೆಟ್ ಏಳು ಬಗೆಯ ತರಕಾರಿ ಪದಾರ್ಥ ಮಾಡಿದ್ದಳು. ಊಟಕ್ಕೆ ನಾವೆಲ್ಲ ಸೇರಿ ಹದಿನಾಲ್ಕು ಜನ. ಪಾತ್ರೆ ಎಷ್ಟಾಯಿತು ಎಂದು ನಿನಗೆ ಹೇಳಬೇಕಾಗಿಲ್ಲ. ಎಂದಿನಂತೆ ಡ್ಯಾಡಿ ಸಿಂಕಿನ ಹತ್ತಿರ ನಿಂತರು. ಸ್ವಲ್ಪ ಹೊತ್ತಿನ ನಂತರ ಲಿನೆಟ್ ಒಳಗೆ ಹೋದಾಗ ಸಿಂಕಿನ ನೀರು ಕೆಂಪಾಗಿತ್ತು. ನೊರೆಯ ಅಡಿಯಲ್ಲಿದ್ದ ಚೂರಿ ಡ್ಯಾಡಿಯ ಎರಡು ಬೆರಳುಗಳನ್ನು ಕೊಯ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ತೊಳೆಯುತ್ತಲೇ ಇದ್ದರು. ಲಿನೆಟ್ ಕೈ ಹಿಡಿದು ತೋರಿಸಿದಾಗ ಅವರು ಹೇಳಿದ್ದು, "ಎಂತ ಇಲ್ಲ, ಬೀಟ್‌ರೂಟಿನ ನೀರು ಅದು." ಬೀಟ್‌ರೂಟ್ ಆ ದಿನ ಮಾಡಿರಲಿಲ್ಲ. ನಾಲ್ಕು ಹೊಲಿಗೆ ಬಿತ್ತು. ಗಾಯ ಈಗ ಪೂರ್ತಿ ವಾಸಿಯಾಗಿದೆ, ಹೆದರಬೇಡ. ನಿನಗೆ ಆಗ ಹೇಳದೆ ಇದ್ದದ್ದು ಗ್ಲೆನಿಟಾಳ ಹೆರಿಗೆಯ ವಾರ ಆದ್ದರಿಂದ.

ಡಾಕ್ಟರ್ ಸುಹೈಲಾ ಸೂಜಿ ಚುಚ್ಚಿ, ಹತ್ತಿ ತಾಗಿಸಿ, ಬಿಸಿ ತಣ್ಣಗಿನ ಪರೀಕ್ಷೆ ಮಾಡಿದರು. ಎರಡೂ ಕೈಗಳ ಬೆರಳ ತುದಿಗಳಲ್ಲಿ ಸ್ಪರ್ಶ ಬಹಳ ಕಡಿಮೆಯಾಗಿದೆ. ಸಕ್ಕರೆ ಕಾಯಿಲೆ ಇಲ್ಲ. ಇದು ಹೊಸತಲ್ಲ, ತುಂಬ ವರ್ಷಗಳಿಂದ ಬಂದದ್ದು ಎಂದರು. "ಅಂಕಲ್, ನೀವು ಮೊದಲು ಎಂತ ಕೆಲಸ ಮಾಡ್ತಾ ಇದ್ದದ್ದು? ಬಿಸಿ ನೀರು, ಕೆಮಿಕಲ್, ಹಾಗೆ ಏನಾದ್ರೂ ಉಂಟಾ?" ಎಂದು ಕೇಳಿದರು. ಡ್ಯಾಡಿ, "ಆಫೀಸು ಕೆಲಸ," ಎಂದರು. ಡಾಕ್ಟರ್ ಬರೆದುಕೊಂಡರು. ನಾನೂ ಹೌದೆಂದು ತಲೆಯಾಡಿಸಿದೆ. ಸಾಗಣೆಯಲ್ಲಿ ಹಾಳಾದ ಸರಕನ್ನು ನೋಡಿ ಕಾರಣ ಬರೆಯುವುದು ನನ್ನ ಹೊಟ್ಟೆಪಾಡು. ಬಂದರಿನ ಗೋದಾಮಿನಲ್ಲಿ ಒದ್ದೆಯಾದ ಒಂದು ಮೂಟೆ ಕಂಡರೆ ನೀರು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂದು ಹೇಳಬಲ್ಲೆ. ಮನೆಯೊಳಗಿನ ಕೈಯನ್ನು ನೋಡಿರಲಿಲ್ಲ.

ಡ್ಯಾಡಿ ಇನ್ನು ಪಾತ್ರೆ ತೊಳೆಯಬಾರದು ಎಂದು ಡಾಕ್ಟರ್ ಹೇಳಿದ ಮೇಲೆ ಮನೆಯಲ್ಲಿ ತೊಂದರೆ ಶುರುವಾಯಿತು. ಹದಿಮೂರು ವರ್ಷ ಅದು ಅವರ ಕೆಲಸ. 2011ರಲ್ಲಿ ಬಹರೈನಿನಿಂದ ಊರಿಗೆ ಬಂದು ಮೂರನೇ ದಿನವೇ ಅವರು ಸಿಂಕ್ ಹಿಡಿದದ್ದು, ನೀನು ಚರ್ಚಿನಲ್ಲಿ ಸಿಕ್ಕವರಿಗೆಲ್ಲ, "ಅಲ್ಲಿ ಮ್ಯಾನೇಜರ್ ಆಗಿದ್ದವರು, ಇಲ್ಲಿ ನನ್ನ ಪಾತ್ರೆ ತೊಳೀತಾರೆ, ನೋಡಿ," ಎಂದು ಹೇಳುತ್ತಿದ್ದದ್ದು ನನಗೆ ನೆನಪಿದೆ. ನೀನು ಹೇಳುವಾಗ ಅವರು ಬೇರೆ ಕಡೆ ನೋಡುತ್ತಿದ್ದರು. ನಾಚಿಕೆ ಎಂದು ನಾನು ತಿಳಿದುಕೊಂಡಿದ್ದೆ.

ಕೆಲಸಕ್ಕೆ ಜನ ಹುಡುಕಿದೆವು. ಬಂದ ಇಬ್ಬರೂ ಒಂಬತ್ತು ಜನರ ಪಾತ್ರೆಯ ರಾಶಿ ನೋಡಿ ನಾಳೆ ಬರುತ್ತೇವೆ ಎಂದು ಹೋದರು. ಕೊನೆಗೆ ಮೆಷಿನ್ ಎಂದು ತೀರ್ಮಾನವಾಯಿತು. ಅದನ್ನು ನಾನು ನನ್ನ ರೀತಿಯಲ್ಲಿ ಮಾಡಿದೆ. ಒಂದು ವಾರ ಸಿಂಕಿಗೆ ಬಂದದ್ದನ್ನೆಲ್ಲ ಎಣಿಸಿದೆ: ದಿನಕ್ಕೆ ಸರಾಸರಿ ತೊಂಬತ್ತನಾಲ್ಕು, ಅದರಲ್ಲಿ ದೊಡ್ಡ ತೋಪು, ಬಾಣಲೆ, ಕುಕ್ಕರ್ ಸೇರಿ ಹನ್ನೊಂದು. ಹದಿಮೂರು ಜನರ ಮೆಷಿನ್ ಎಂದು ಕಂಪನಿಯವರು ಬರೆಯುವುದು ಅವರ ತಟ್ಟೆ ಗ್ಲಾಸುಗಳನ್ನು ಇಟ್ಟುಕೊಂಡು. ನಮ್ಮ ತೋಪುಗಳು ಅದರಲ್ಲಿ ಸೇರಿಲ್ಲ. ನನ್ನ ಆಫೀಸಿನ ಸಫಿಯಾಳ ಮನೆಯಲ್ಲಿ ಹನ್ನೊಂದು ಜನ, ಮೆಷಿನಿಗೆ ಒಂಬತ್ತು ವರ್ಷ. ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದ್ದಕ್ಕೆ ಅವಳು, "ಅದು ಮೆಷಿನನ್ನು ಕೇಳ್ಬೇಡಿ ಸರ್, ಮನೆಯವರನ್ನು ಕೇಳಿ. ನಮ್ಮ ಉಮ್ಮ ದಿನಾ ಅದರ ಫಿಲ್ಟರ್ ತೆಗೆದು ತೊಳೀತಾರೆ, ಅದಕ್ಕೆ ಉಂಟು. ನನ್ನ ನಾದಿನಿಯದ್ದು ಎರಡೇ ವರ್ಷಕ್ಕೆ ಗುಜರಿಗೆ ಹೋಯ್ತು," ಎಂದಳು. ಒಳಗೆ ಪೂರ್ತಿ ಸ್ಟೀಲ್ ಇರಬೇಕು, ಕೆಳಗಿನ ಬುಟ್ಟಿಯಲ್ಲಿ ಎತ್ತರದ ತೋಪು ಹಿಡಿಸಬೇಕು, ರಿಪೇರಿಯವನು ಮಂಗಳೂರಿನಲ್ಲೇ ಇರಬೇಕು, ಬಿಡಿಭಾಗ ಬೇರೆ ಊರಿನಿಂದ ಬರುವಂತಿರಬಾರದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಹಾಳೆಯನ್ನು ಡ್ಯಾಡಿಗೆ ತೋರಿಸಿದೆ. ಅವರು ಓದಿ, ಮಡಿಸಿ ವಾಪಸು ಕೊಟ್ಟರು. "ನಾನು ಬರ್ತೇನೆ," ಎಂದರು. ಅಂಗಡಿಗೆ ಅವರು ಬರುವುದು ಅಪರೂಪ ಎಂದು ನಿನಗೆ ಗೊತ್ತು.

ಹೋದದ್ದು ಕಳೆದ ಶನಿವಾರ, ಒಂಬತ್ತನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ. ತೋರಿಸಿದವನ ಹೆಸರು ಮುಖೇಶ್, ಅಂಗಡಿಯಲ್ಲಿ ಎಂಟು ವರ್ಷ ಆದವನು, ಮಾತುಗಾರ. ಡ್ಯಾಡಿ ಮೆಷಿನಿನ ಮುಂದೆ ನಿಂತದ್ದನ್ನು ನೋಡಿ, "ಮುಟ್ಟಿ ನೋಡಿ ಅಂಕಲ್, ಹೆದರ್ಬೇಡಿ, ಕಚ್ಚುದಿಲ್ಲ," ಎಂದ. ಡ್ಯಾಡಿ ಬಾಗಿಲು ಇಳಿಸಿ, ಕೆಳಗಿನ ಬುಟ್ಟಿಯನ್ನು ಪೂರ್ತಿ ಹೊರಗೆ ಎಳೆದು ನೆಲದ ಮೇಲೆ ಇಟ್ಟರು. ನೀರು ಚಿಮ್ಮುವ ರೆಕ್ಕೆಯನ್ನು ಒಂದು ಬೆರಳಿನಿಂದ ತಿರುಗಿಸಿ ಅದು ನಿಲ್ಲುವ ತನಕ ನೋಡಿದರು. ಆಮೇಲೆ ಕೈ ಒಳಗೆ ಹಾಕಿ ಫಿಲ್ಟರನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ ಹೊರಗೆ ತೆಗೆದರು. ಅದು ಎಲ್ಲಿದೆ ಎಂದು ಹುಡುಕಲಿಲ್ಲ. ಮುಖೇಶ್ ವಿವರಿಸಲು ಹೊರಟಿದ್ದ, ಪಕ್ಕಕ್ಕೆ ಸರಿದ. ಬಾಗಿಲಿನ ರಬ್ಬರ್ ಇಲ್ಲೇ ಸಿಗುತ್ತದೆಯೇ, ಹೀಟರ್ ಹೊರಗೆ ಕಾಣುವಂಥದ್ದೋ ಅಡಿಯಲ್ಲಿ ಇರುವಂಥದ್ದೋ, ಪಂಪಿನೊಳಗೆ ಮೀನಿನ ಮುಳ್ಳು ಸಿಕ್ಕಿಕೊಂಡರೆ ಯಾವ ಕಡೆಯಿಂದ ಬಿಚ್ಚಬೇಕು ಎಂದು ಒಂದೊಂದಾಗಿ ಕೇಳಿದರು. ಮೂರನೆಯದಕ್ಕೆ ಮುಖೇಶ್ ಮೆಷಿನಿನ ಪುಸ್ತಕ ತೆರೆದು ಹುಡುಕಿದ. "ಅಂಕಲ್, ನಾಳೆಯಿಂದ ನೀವು ಇಲ್ಲಿ ನಿಲ್ಲಿ ಮಾರಾಯ್ರೆ, ನಾನು ಗಿರಾಕಿ ಆಗಿ ಬರ್ತೇನೆ," ಎಂದ.

ತೋರಿಸಲಿಕ್ಕೆಂದು ಅಲ್ಲಿ ತಟ್ಟೆಗಳನ್ನು ಇಟ್ಟಿದ್ದರು. ಮುಖೇಶ್ ಅವುಗಳನ್ನು ಜೋಡಿಸತೊಡಗಿದಾಗ ಡ್ಯಾಡಿ, "ಹಾಗಲ್ಲ," ಎಂದು ಅವನ ಕೈಯಿಂದ ತೆಗೆದುಕೊಂಡರು. ಮಮ್ಮಿ, ಅವರು ಹದಿನಾಲ್ಕು ತಟ್ಟೆ, ಬಟ್ಟಲು, ಗ್ಲಾಸು, ಚಮಚಗಳನ್ನು ಒಂದು ನಿಮಿಷದೊಳಗೆ ಜೋಡಿಸಿದರು. ಅದೇ ಕೈ ಮನೆಯಲ್ಲಿ ಲೋಟ ಬೀಳಿಸುತ್ತದೆ. ಅಲ್ಲಿ ಒಂದೂ ಸದ್ದಾಗಲಿಲ್ಲ. ತಟ್ಟೆಗಳ ಮುಖ ಎಲ್ಲ ಮಧ್ಯಕ್ಕೆ, ಚಮಚ ಒಂದು ಮೇಲ್ಮುಖ ಒಂದು ಕೆಳಮುಖ. ನಾವು ಚಿಕ್ಕವರಿದ್ದಾಗ ಅವರು ರಜೆಗೆ ಬಂದರೆ ನಮ್ಮ ಊಟದ ತಟ್ಟೆಗಳನ್ನು ಅಳತೆಯ ಪ್ರಕಾರ ಪೇರಿಸಿಡುತ್ತಿದ್ದದ್ದು, ಚಮಚಗಳನ್ನು ಹೀಗೆಯೇ ಹಿಂದೆ ಮುಂದೆ ಇಡುತ್ತಿದ್ದದ್ದು, ಗ್ಲೆನಿಟಾ ಅದಕ್ಕೆ ನಕ್ಕರೆ ನೀನು ಅವಳ ಬೆನ್ನಿಗೆ ಹೊಡೆದದ್ದು ಆಗ ನೆನಪಾಯಿತು. ಮುಖೇಶ್, "ಹೋಟ್ಲಲ್ಲಿ ಇದ್ದದ್ದಾ ಅಂಕಲ್?" ಎಂದು ಕೇಳಿದ. ನಾನೇ ಉತ್ತರಿಸಿದೆ. ಬಹರೈನಿನಲ್ಲಿ ಇಪ್ಪತ್ತಮೂರು ವರ್ಷ ಹೋಟೆಲ್ ಮ್ಯಾನೇಜರ್ ಆಗಿದ್ದರು ಎಂದೆ. "ಮ್ಯಾನೇಜರಿಗೆ ಇದೆಲ್ಲ ಹೇಗೆ ಗೊತ್ತುಂಟು ಮಾರಾಯ್ರೆ?" ಎಂದ ಅವನು. ಅದರಲ್ಲಿ ಕುಹಕ ಇರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟ ಅಷ್ಟೇ.

ಡ್ಯಾಡಿ ಫಿಲ್ಟರನ್ನು ಜಾಗದಲ್ಲಿ ಕೂರಿಸಿ ಬಲಕ್ಕೆ ತಿರುಗಿಸಿದರು. "ಮ್ಯಾನೇಜರ್ ಅಲ್ಲ. ಪಾತ್ರೆ ತೊಳೀತಿದ್ದೆ," ಎಂದರು. ಹೇಳಿದ್ದು ಮುಖೇಶನಿಗೆ, ನನಗಲ್ಲ. ಆಮೇಲೆ ಸಾಲಿನಲ್ಲಿದ್ದ ನಾಲ್ಕನೇ ಮೆಷಿನನ್ನು ತೋರಿಸಿ, "ಇದು ಸಾಕು. ಇದನ್ನು ಸರಿಯಾಗಿ ನೋಡಿಕೊಂಡ್ರೆ ಹದಿನೈದು ವರ್ಷ ಬರ್ತದೆ," ಎಂದರು. ಮುಖೇಶ್ ಬಿಲ್ಲು ಬರೆಯಲು ಹೋದ. ನಾನು ಹಾಳೆಯನ್ನು ಜೇಬಿನಿಂದ ತೆಗೆದು ನೋಡಿದೆ. ನಾನು ಬರೆದದ್ದೆಲ್ಲ ಆ ಮೆಷಿನಿನಲ್ಲಿ ಇತ್ತು.

ನನಗೆ ಏನನ್ನಿಸಿತು ಎಂದು ನೀನು ಕೇಳಬಹುದು. ಏನೂ ಅನ್ನಿಸಲಿಲ್ಲ. ಇವತ್ತಿಗೆ ಆರನೇ ದಿನ, ಈಗಲೂ ಹಾಗೆಯೇ ಇದೆ. ಸುದ್ದಿ ಓದಿದ ಹಾಗೆ ಇದೆ, ಯಾರದೋ ಊರಿನದು. ವಾಪಸು ಬರುವಾಗ ಕೊಡಿಯಾಲ್‌ಬೈಲಿನ ತಿರುವಿನಲ್ಲಿ ಶಾಲೆ ಬಿಟ್ಟ ಗಾಡಿಗಳ ನಡುವೆ ಇಪ್ಪತ್ತು ನಿಮಿಷ ನಿಂತೆವು. ಅಷ್ಟರಲ್ಲಿ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. 1988ರಲ್ಲಿ ಹೋಟೆಲಿನವರು ಅವರನ್ನು ಕರೆದುಕೊಂಡು ಹೋದದ್ದೇ ಪಾತ್ರೆ ತೊಳೆಯಲು. ಎರಡು ವರ್ಷದಲ್ಲಿ ಮೇಲಿನ ಕೆಲಸ ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ಅವರು ನಿನಗೆ ಬರೆದ ಕಾಗದಗಳಲ್ಲಿ "ಹೋಟೆಲಿನಲ್ಲಿ ಡ್ಯೂಟಿ" ಎಂದಷ್ಟೇ ಇತ್ತು, ಮ್ಯಾನೇಜರ್ ಎಂದು ಒಂದು ಕಡೆಯೂ ಇಲ್ಲ. ಆ ಶಬ್ದ ಮೊದಲು ಬಂದದ್ದು ನಮ್ಮ ಚರ್ಚಿನ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ. ಗಲ್ಫಿನಲ್ಲಿರುವವರ ಪಟ್ಟಿ ಮಾಡಿದವರು ಯಾರೋ, ಹ್ಯೂಬರ್ಟ್ ಎಂಬ ಡ್ಯಾಡಿಯ ಹೆಸರಿನ ಮುಂದೆ "ಹೋಟೆಲ್ ಮ್ಯಾನೇಜರ್, ಬಹರೈನ್" ಎಂದು ಹಾಕಿದರು. ನೀನು ಆ ಪುಟವನ್ನು ಕತ್ತರಿಸಿ ಆಲ್ಬಮಿನಲ್ಲಿ ಅಂಟಿಸಿ, ಅಂಟಿಸಿದ್ದೇನೆ ಎಂದು ಅವರಿಗೆ ಬರೆದೆಯಂತೆ. ನಿನ್ನ ಅಷ್ಟು ಉದ್ದದ ಕಾಗದ ಅದಕ್ಕೆ ಮೊದಲು ಅವರಿಗೆ ಬಂದಿರಲಿಲ್ಲವಂತೆ. ಅದಕ್ಕೆ ಉತ್ತರವಾಗಿ ಅದು ತಪ್ಪು ಎಂದು ಬರೆಯಲು ಕೂತರು. ಬರೆಯಲಿಲ್ಲ. ಹಾಲಿನ ಗೋಡೆಯಲ್ಲಿ ತೂಗುಹಾಕಿರುವ, ಅವರು ಕೋಟು ಹಾಕಿದ ಫೋಟೊ ಆ ಮುಂದಿನ ವರ್ಷದ್ದು. ಕೋಟು ಅಲ್ಲಿನ ಕ್ಯಾಷಿಯರನದು. ಮಾಲೀಕ ಬರುವ ಮೊದಲು ಐದು ನಿಮಿಷ ಕೌಂಟರಿನ ಹಿಂದೆ ನಿಂತು ತೆಗೆಸಿದ್ದು. ಪೇಪರಿನಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಬರುತ್ತದೆ. ಸ್ಮರಣ ಸಂಚಿಕೆಗೆ ಮರುದಿನ ಇರುವುದಿಲ್ಲ.

ಕೊನೆಗೆ ಅವರು ಒಂದೇ ಮಾತು ಹೇಳಿದರು, "ಮಮ್ಮಿಗೆ ಹೇಳುದು ಬೇಡ." ನಾನು ಆಯಿತು ಎಂದೆ.

ಮರುದಿನ ಭಾನುವಾರ ನಿನ್ನ ಫೋನು ಬಂತು. ಇಪ್ಪತ್ತೆರಡರ ಶುಕ್ರವಾರ ಭಾವನಿಗೆ ರಜೆ, ಡ್ಯಾಡಿಯ ಹೋಟೆಲಿಗೆ ಕರೆದುಕೊಂಡು ಹೋಗುತ್ತಾರೆ ಎಂದು ನೀನು ಹೇಳಿದೆ. "ಆ ಹೋಟೆಲ್ ಈಗ ಇರ್ಲಿಕ್ಕಿಲ್ಲ," ಎಂದರು ಡ್ಯಾಡಿ. "ಉಂಟಂತೆ, ಗ್ಲೆನಿಟಾ ಮ್ಯಾಪಿನಲ್ಲಿ ನೋಡಿದ್ದಾಳೆ. ನಾನು ಮ್ಯಾನೇಜರ್ ಹ್ಯೂಬರ್ಟರ ಹೆಂಡತಿ ಅಂತ ಹೇಳ್ತೇನೆ, ಟೀ ಕೊಡದೆ ಕಳಿಸ್ತಾರಾ ನೋಡುವ," ಎಂದು ನಕ್ಕೆ. ಭಾವನೂ ನಕ್ಕದ್ದು ಕೇಳಿಸಿತು. ಡ್ಯಾಡಿ ಫೋನನ್ನು ಮೇಜಿನ ಮೇಲೆ ಇಟ್ಟು ಎದ್ದು ಹೋದರು. ನೆಟ್‌ವರ್ಕ್ ಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ಅಂದಿನಿಂದ ಅವರು ಅರ್ಧ ಊಟ ಬಿಡುತ್ತಾರೆ. ಬಿಟ್ಟ ತಟ್ಟೆಯನ್ನು ಮಾತ್ರ ಒರೆಸಿ ಇಡುತ್ತಾರೆ.

ಮಂಗಳವಾರ ಮೆಷಿನ್ ಬಂತು. ಸಿಂಕಿನ ಎಡಗಡೆ, ನಿನ್ನ ಅಕ್ಕಿ ಡಬ್ಬ ಇದ್ದ ಜಾಗದಲ್ಲಿ ಕೂರಿಸಿದ್ದೇವೆ. ಡಬ್ಬ ಒಳಗಿನ ಕೋಣೆಗೆ ಹೋಗಿದೆ, ಬೇಸರ ಮಾಡಬೇಡ. ಮೊದಲ ಸಲ ಹಾಕಿದಾಗ ಡ್ಯಾಡಿ ಸ್ಟೂಲು ತಂದು ಅದರ ಮುಂದೆ ಕೂತರು. ಒಂದು ಗಂಟೆ ಐವತ್ತು ನಿಮಿಷ ಕೂತಿದ್ದರು. ನೀರು ತುಂಬುವ ಸದ್ದು, ಪಂಪಿನ ಸದ್ದು ಒಂದೊಂದನ್ನೂ ಕೇಳುತ್ತಿದ್ದರು. ನಡುವೆ ಬೆರಳ ತುದಿಗಳನ್ನು ಬಾಗಿಲಿನ ಮೇಲೆ ಇಟ್ಟು, "ಬಿಸಿ ಉಂಟಾ?" ಎಂದು ನನ್ನನ್ನು ಕೇಳಿದರು. ನಾನು ಮುಟ್ಟಿ ನೋಡಿದೆ. "ಉಂಟು," ಎಂದೆ. "ಹಾಗಾದ್ರೆ ಸರಿ," ಎಂದರು.

ತಟ್ಟೆಗಳು ಚೊಕ್ಕಟವಾಗಿ ಬರುತ್ತವೆ. ಮಣ್ಣಿನ ಮಡಿಕೆ, ಕಬ್ಬಿಣದ ಕಾವಲಿ, ಸನ್ನಾಸ್ ಬೇಯಿಸುವ ಅಲ್ಯುಮಿನಿಯಂ ಪಾತ್ರೆ ಅದಕ್ಕೆ ಹಾಕಬಾರದು ಎಂದು ಡ್ಯಾಡಿ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಡಾಕ್ಟರ್ ಏನೇ ಹೇಳಿರಲಿ, ಅವನ್ನು ಅವರೇ ತೊಳೆಯುತ್ತಾರೆ. ಚೂರಿಗಳನ್ನು ಲಿನೆಟ್ ಬೇರೆ ಇಡುತ್ತಾಳೆ. ವಾರದ ದಿನಗಳಲ್ಲಿ ಸ್ಟೀಲ್ ತೋಪಿನಲ್ಲಿ ಮೀನು ಸಾರು ಮಾಡುತ್ತಿದ್ದವಳು ಈಗ ದಿನವೂ ಮಡಿಕೆಯಲ್ಲೇ ಮಾಡುತ್ತಾಳೆ. ರುಚಿಗೆ ಎಂದು ಹೇಳುತ್ತಾಳೆ.

ಮಮ್ಮಿ, ಇನ್ನು ನಾನು ಕೇಳಬೇಕಾದದ್ದು ಕೇಳುತ್ತೇನೆ. ನಿನಗೆ ಇದು ಮೊದಲೇ ಗೊತ್ತಿತ್ತೇ ಎಂದು ಕೇಳುವುದಿಲ್ಲ. ಗೊತ್ತಿದ್ದರೆ ನೀನೂ ಹೇಳದೆ ಇದ್ದದ್ದಕ್ಕೆ ಕಾರಣ ಇರುತ್ತದೆ. ಗೊತ್ತಿಲ್ಲದಿದ್ದರೆ ಈಗ ಗೊತ್ತಾಯಿತು. ಡ್ಯಾಡಿಗೆ ಕೊಟ್ಟ ಮಾತನ್ನು ಮುರಿದು ಬರೆದಿದ್ದೇನೆ, ಯಾಕೆಂದರೆ ನೀನು ಆ ಕೌಂಟರಿನ ಮುಂದೆ ಅಳಿಯನ ಎದುರು ನಿಂತು ಆ ಹೆಸರು ಹೇಳುವುದು, ಅಲ್ಲಿಯವರು ರಿಜಿಸ್ಟರ್ ನೋಡಿ ಇಲ್ಲ ಎನ್ನುವುದು ಇವೆರಡೂ ಆಗಬಾರದು. ಹೋಟೆಲಿಗೆ ಹೋಗಬೇಡ. ಶುಕ್ರವಾರ ಮೊಣಕಾಲು ನೋವು ಎಂದು ಹೇಳು. ಅದು ಸುಳ್ಳೂ ಅಲ್ಲ. ಭಾನುವಾರ ಫೋನ್ ಮಾಡಿದಾಗ ಮೆಷಿನ್ ಹೇಗಿದೆ ಎಂದು ಮಾತ್ರ ಡ್ಯಾಡಿಯನ್ನು ಕೇಳು. ಅದರ ಬಗ್ಗೆ ಅವರು ಮಾತಾಡುತ್ತಾರೆ.

ಗ್ಲೆನಿಟಾಳಿಗೂ ಭಾವನಿಗೂ ನೆನಪು ಹೇಳು. ಮಗುವಿನ ಹಣೆಗೆ ನನ್ನ ಪರವಾಗಿ ಒಂದು ಶಿಲುಬೆ ಬರೆ. ಸಂಜೆ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ನಿನ್ನ ಖಾಲಿ ಕುರ್ಚಿಯ ಕಡೆ ತಿರುಗಿ ಆಶೀರ್ವಾದ ಕೇಳುತ್ತಾರೆ. ಆ ಹೊತ್ತಿಗೆ ಅಲ್ಲಿಂದಲೇ ಕೊಡು, ನನಗೂ ಸೇರಿಸಿ.

ನಿನ್ನ ಮಗ,
ಗೇವಿನ್

ತಾ.ಕ.: ಶುಕ್ರವಾರ ಸಂಜೆ, ಆರೂಕಾಲು. ರೂಬನ್ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಡಬ್ಬಿ ಕಟ್ಟುವಾಗ ಡ್ಯಾಡಿ ಕವರು ನೋಡಿದರು. "ಎಲ್ಲ ಬರ್ದಿದ್ದೀಯಾ?" ಎಂದರು. ಹೌದು ಎಂದೆ. "ನಾನು ಬೇಡ ಅಂದಿದ್ದೆ." ಅದಕ್ಕೂ ಹೌದು ಎಂದೆ. ಕವರನ್ನು ಕೈಯಲ್ಲಿ ಹಿಡಿದು ಮೆಷಿನಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಹರಿದು ಹಾಕುತ್ತಾರೆ ಎಂದುಕೊಂಡೆ. ವಾಪಸು ಕೊಟ್ಟರು. ಆದ್ದರಿಂದ ನಾನು ಮೇಲೆ ಬರೆದದ್ದನ್ನು ಬಿಡು, ಅವರು ಹೇಳಿದ್ದನ್ನು ಬರೆಯುತ್ತೇನೆ. "ಮಮ್ಮಿ ಹೋಗ್ಲಿ. ಆದ್ರೆ ಮುಂದಿನ ಕೌಂಟರಲ್ಲಿ ಕೇಳಿದ್ರೆ ನನ್ನ ಹೆಸರು ಯಾರಿಗೂ ಗೊತ್ತಿರ್ಲಿಕ್ಕಿಲ್ಲ. ಹಿಂದಿನ ಗೇಟಲ್ಲಿ ಕೇಳ್ಲಿಕ್ಕೆ ಹೇಳು. ಅಡುಗೆಯವರು ಒಬ್ಬಿಬ್ಬರು ಇನ್ನೂ ಇರಬಹುದು. ನಾನು ಪಾತ್ರೆ ತೊಳೀತಿದ್ದ ದೊಡ್ಡ ಮೆಷಿನ್ ಈಗ್ಲೂ ಉಂಟಾ ನೋಡ್ಲಿಕ್ಕೆ ಹೇಳು." ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹೋಗು. ಹಿಂದಿನಿಂದ ಆರು ಮೆಟ್ಟಿಲು ಇಳಿಯಬೇಕಂತೆ, ಹಿಡಿದುಕೊಳ್ಳಲು ಕಂಬಿ ಎಡಗಡೆ ಇದೆಯಂತೆ.